ಮತವೆಂಬ ಅಮಾನತು: ಹಿರೇಕೆರೂರು ಕಲಿಸುವ ಪಾಠ

ಅರಬ್ಬಿಯ ‘ಅಮಾನತ್’ ಎಂಬ ಪದ ಪಾರಸಿ, ಉರ್ದುಗಳ ಹಾದಿಯಲ್ಲಿ ಕನ್ನಡಕ್ಕೆ ಬಂದು ಬಹುಕಾಲವಾಯಿತು. ನಂಬಿ ಒಪ್ಪಿಸಿದ ವಸ್ತು, ಇನ್ನೊಬ್ಬರ ಕೈಯಲ್ಲಿಟ್ಟ ಠೇವಣಿ ಎಂಬುದು ಅದರ ಮೂಲಾರ್ಥ. ಕಚೇರಿಯ ಕನ್ನಡದಲ್ಲಿ ಅದೇ ಪದಕ್ಕೆ ನೌಕರನನ್ನು ಹುದ್ದೆಯಿಂದ ತಡೆಹಿಡಿಯುವುದು ಎಂಬ ಅರ್ಥವೂ ಸೇರಿಕೊಂಡಿತು. ಇಂದು ಪತ್ರಿಕೆ ತೆರೆದರೆ ಕಾಣುವುದು ಈ ಎರಡನೆಯ ಅರ್ಥವೇ. ಮೊದಲನೆಯದು ಜುಮಾ ಪ್ರವಚನಕ್ಕಷ್ಟೇ ಮೀಸಲಾದಂತಿದೆ. ಆದರೆ ಪ್ರಜಾಪ್ರಭುತ್ವದಲ್ಲಿ ಬಾಳುವ ವಿಶ್ವಾಸಿಗೆ ಆ ಮೊದಲ ಅರ್ಥ ಐದು ವರ್ಷಕ್ಕೊಮ್ಮೆ ಮತಗಟ್ಟೆಯಲ್ಲಿ ಎದುರಾಗಲೇಬೇಕು. ನಾವು ಹಾಕುವ ಮತವೂ ಒಂದು ಅಮಾನತೇ. ನಮಗಿರುವ ಒಂದು ಅಧಿಕಾರವನ್ನು ಗೊತ್ತಾದ ಅವಧಿಗೆ, ಗೊತ್ತಾದ ಷರತ್ತಿನ ಮೇಲೆ ಇನ್ನೊಬ್ಬರ ಕೈಗೆ ಒಪ್ಪಿಸುವುದೇ ಮತದಾನ.

ಈ ಮಾತನ್ನು ಉಪದೇಶವಾಗಿ ಹೇಳುವುದು ಸುಲಭ. ಅದು ನೆಲದ ಮೇಲೆ ಹೇಗೆ ಪರೀಕ್ಷೆಗೆ ಒಳಗಾಗುತ್ತದೆಂಬುದನ್ನು ತಿಳಿಯಬೇಕಾದರೆ ಹಾವೇರಿ ಜಿಲ್ಲೆಯ ಹಿರೇಕೆರೂರಿನತ್ತ ನೋಡಬೇಕು. ಸರ್ವಜ್ಞನ ಹೆಸರಿನೊಂದಿಗೆ ಬೆಸೆದುಕೊಂಡಿರುವ, ಗೋವಿನಜೋಳವನ್ನೂ ಹತ್ತಿಯನ್ನೂ ನಂಬಿ ಬದುಕುವ ಸೀಮೆಯಿದು. ಇಲ್ಲಿನ ಮಾಜಿ ಶಾಸಕ ಬಿ.ಸಿ. ಪಾಟೀಲರ ಎರಡು ದಶಕಗಳ ರಾಜಕೀಯ ಜೀವನ ನಮ್ಮ ರಾಜ್ಯದ ಮತದಾರರೆಲ್ಲರೂ ಓದಿಕೊಳ್ಳಬೇಕಾದ ಪಾಠ. ನಾವು ಯಾವ ಪಕ್ಷದ ಪರವಾಗಿಯೂ ಇದನ್ನು ಬರೆಯುತ್ತಿಲ್ಲ. ಒಬ್ಬ ವ್ಯಕ್ತಿಯನ್ನು ಹಳಿಯುವುದೂ ನಮ್ಮ ಉದ್ದೇಶವಲ್ಲ. ಹೃದಯದೊಳಗಿನದನ್ನು ಅಲ್ಲಾಹನೊಬ್ಬನೇ ಬಲ್ಲನು. ಬಹಿರಂಗದಲ್ಲಿ ನಡೆದುದನ್ನು ಮಾತ್ರ ಇಲ್ಲಿ ಪರಿಶೀಲಿಸುತ್ತೇವೆ.

ಪಾಟೀಲರು ಮೊದಲು ಪೊಲೀಸ್ ಇಲಾಖೆಯಲ್ಲಿ ಅಧಿಕಾರಿಯಾಗಿದ್ದರು. ಅನಂತರ ಚಿತ್ರರಂಗದಲ್ಲಿ ಹೆಸರು ಮಾಡಿದರು. 1993ರ ‘ನಿಷ್ಕರ್ಷ’ ಮತ್ತು 1998ರ ‘ಕೌರವ’ ಚಿತ್ರಗಳು ಅವರನ್ನು ಮನೆಮನೆಗೆ ಪರಿಚಯಿಸಿದವು. ‘ಕೌರವ’ ಎಂಬುದು ಅವರ ಹೆಸರಿನೊಂದಿಗೇ ಅಂಟಿಕೊಂಡಿತು. ಆ ಜನಪ್ರಿಯತೆಯನ್ನು ಬೆನ್ನಿಗಿಟ್ಟುಕೊಂಡು ರಾಜಕೀಯಕ್ಕೆ ಬಂದ ಅವರನ್ನು 2004ರಲ್ಲಿ ಹಿರೇಕೆರೂರಿನ ಜನರು ಜಾತ್ಯತೀತ ಜನತಾದಳದ ಅಭ್ಯರ್ಥಿಯಾಗಿ ವಿಧಾನಸಭೆಗೆ ಕಳುಹಿಸಿದರು. 2008ರಲ್ಲಿ ಅವರು ಗೆದ್ದದ್ದು ಕಾಂಗ್ರೆಸ್ಸಿನಿಂದ. 2013ರಲ್ಲಿ ಕರ್ನಾಟಕ ಜನತಾ ಪಕ್ಷದ ಯು.ಬಿ. ಬಣಕಾರರೆದುರು ಸೋತರು. 2018ರಲ್ಲಿ ಅದೇ ಬಣಕಾರರು ಬಿಜೆಪಿಯ ಅಭ್ಯರ್ಥಿಯಾಗಿ ಎದುರಿಗಿದ್ದಾಗ ಕಾಂಗ್ರೆಸ್ಸಿನ ಪಾಟೀಲರು ಕೇವಲ 555 ಮತಗಳಿಂದ ಗೆದ್ದರು.

ಈ 555 ಎಂಬ ಸಂಖ್ಯೆಯನ್ನು ಓದುಗರು ನೆನಪಿನಲ್ಲಿಡಬೇಕು. ಒಂದೆರಡು ಮೊಹಲ್ಲಾಗಳ ಮತದಾರರು ಅಂದು ಮನೆಯಲ್ಲೇ ಉಳಿದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು. ನಮ್ಮ ಒಂದು ಮತದಿಂದ ಏನಾಗುವುದೆಂದು ಕೇಳುವವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಸಿಗಲಾರದು. ಕೂಲಿ ಬಿಟ್ಟು ಸರದಿಯಲ್ಲಿ ನಿಂತ ತಾಯಂದಿರು, ದೂರದ ಊರುಗಳಿಂದ ಬಸ್ಸು ಹಿಡಿದು ಬಂದ ಯುವಕರು, ಊರುಗೋಲು ಹಿಡಿದು ಬಂದ ಹಿರಿಯರು, ಇಂತಹವರು ತಂದು ಒಪ್ಪಿಸಿದ ಅಮಾನತಿನ ಮೇಲೆಯೇ ಆ ಗೆಲುವು ನಿಂತಿತ್ತು.

2018ರ ವಿಧಾನಸಭೆಯಲ್ಲಿ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ. ಮೇ 17ರಂದು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದ ಬಿ.ಎಸ್. ಯಡಿಯೂರಪ್ಪನವರು ಮೇ 19ರಂದು ವಿಶ್ವಾಸಮತಕ್ಕೆ ಮುನ್ನವೇ ರಾಜೀನಾಮೆ ನೀಡಿದರು. ಅದೇ ದಿನ ಕಾಂಗ್ರೆಸ್ ಪಕ್ಷವು ಒಂದು ದೂರವಾಣಿ ಸಂಭಾಷಣೆಯ ಧ್ವನಿಮುದ್ರಣವನ್ನು ಬಿಡುಗಡೆ ಮಾಡಿತು. ಯಡಿಯೂರಪ್ಪನವರು ಪಾಟೀಲರಿಗೆ ಕರೆಮಾಡಿ ಸಚಿವ ಸ್ಥಾನದ ಆಸೆ ತೋರಿಸಿದರೆಂಬುದು ಆ ಪಕ್ಷದ ಆರೋಪವಾಗಿತ್ತು. ಆಮಿಷಕ್ಕೆ ಮಣಿಯದ ಶಾಸಕರೆಂದು ಪಾಟೀಲರ ಹೆಸರು ನಾಡಿನಾದ್ಯಂತ ಕೇಳಿಬಂತು. ಹಿರೇಕೆರೂರಿನಲ್ಲಿ ಅವರಿಗೆ ಮತ ನೀಡಿದವರು ಅಂದು ಸಮಾಧಾನದ ನಿಟ್ಟುಸಿರು ಬಿಟ್ಟಿರಬೇಕು.

ಆ ಸಮಾಧಾನ ಹೆಚ್ಚು ಕಾಲ ಬಾಳಲಿಲ್ಲ. ಎಚ್.ಡಿ. ಕುಮಾರಸ್ವಾಮಿಯವರ ಸಮ್ಮಿಶ್ರ ಸರಕಾರದಲ್ಲಿ ಪಾಟೀಲರಿಗೆ ಸಚಿವ ಸ್ಥಾನ ದೊರೆಯಲಿಲ್ಲ. 2019ರ ಜುಲೈಯಲ್ಲಿ ರಾಜೀನಾಮೆ ನೀಡಿ ಮುಂಬೈಯ ಹೋಟೆಲು ಸೇರಿದ ಶಾಸಕರಲ್ಲಿ ಅವರೂ ಒಬ್ಬರಾಗಿದ್ದರು. ಜುಲೈ 23ರಂದು 99ಕ್ಕೆ 105 ಮತಗಳಿಂದ ಸರಕಾರ ಬಿತ್ತು. ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರರು ಒಟ್ಟು 17 ಶಾಸಕರನ್ನು ಅನರ್ಹಗೊಳಿಸಿದರು. ನವೆಂಬರ್ 13ರಂದು ಸುಪ್ರೀಂ ಕೋರ್ಟು ಆ ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವ ತನಕ ಅವರು ಸ್ಪರ್ಧಿಸಬಾರದೆಂಬ ಭಾಗವನ್ನು ರದ್ದುಪಡಿಸಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಸ್ಪರ್ಧಿಸಿದ ಪಾಟೀಲರು ಕಾಂಗ್ರೆಸ್ಸಿನ ಬಿ.ಎಚ್. ಬನ್ನಿಕೋಡರನ್ನು 29,067 ಮತಗಳಿಂದ ಸೋಲಿಸಿದರು. 2020ರ ಫೆಬ್ರವರಿ 6ರಂದು ಸಚಿವರಾದರು. ಕೃಷಿ ಖಾತೆ ಅವರದಾಯಿತು.

ಇಲ್ಲಿ ಇತಿಹಾಸದ ಒಂದು ಎಳೆಯನ್ನು ಹಿಂದಕ್ಕೆ ಹಿಡಿದು ನೋಡಬೇಕು. ಪಕ್ಷಾಂತರವನ್ನು ತಡೆಯಲು ಸಂವಿಧಾನದ 52ನೇ ತಿದ್ದುಪಡಿಯ ಮೂಲಕ ಹತ್ತನೇ ಅನುಸೂಚಿ ಜಾರಿಗೆ ಬಂದದ್ದು 1985ರಲ್ಲಿ. ಶಾಸಕರ ಅನರ್ಹತೆಯನ್ನು ನಿರ್ಧರಿಸುವ ಅಧಿಕಾರವನ್ನು ಅದು ಸಭಾಧ್ಯಕ್ಷರಿಗೆ ಕೊಟ್ಟಿತು. ಅದೇ 1985ರಲ್ಲಿ ಕರ್ನಾಟಕ ವಿಧಾನಸಭೆಯ ಸಭಾಧ್ಯಕ್ಷರಾದವರು ಹಿರೇಕೆರೂರಿನ ಬಿ.ಜಿ. ಬಣಕಾರರು. ಅವರು ಯು.ಬಿ. ಬಣಕಾರರ ತಂದೆ. ನೆರೆಯ ಶಿಗ್ಗಾವಿ ಸೀಮೆಯ ಎಸ್.ಆರ್. ಬೊಮ್ಮಾಯಿಯವರ ಸರಕಾರವನ್ನು ಸದನದಲ್ಲಿ ಬಲಪರೀಕ್ಷೆಗೂ ಅವಕಾಶ ಕೊಡದೆ 1989ರ ಏಪ್ರಿಲಿನಲ್ಲಿ ವಜಾ ಮಾಡಿದರು. ಕೆಲವು ಶಾಸಕರು ಬೆಂಬಲ ಹಿಂಪಡೆದರೆಂಬುದೇ ಅದಕ್ಕೆ ಕೊಟ್ಟ ಕಾರಣ. ಬಹುಮತದ ತೀರ್ಮಾನ ಸದನದಲ್ಲಿಯೇ ಆಗಬೇಕೆಂದು 1994ರಲ್ಲಿ ಸುಪ್ರೀಂ ಕೋರ್ಟು ಅದೇ ಬೊಮ್ಮಾಯಿ ಪ್ರಕರಣದಲ್ಲಿ ಹೇಳಿತು. ಪಕ್ಷಾಂತರ ತಡೆಯುವ ಕಾನೂನಿನ ಮೊದಲ ದಿನಗಳಲ್ಲಿ ಹಿರೇಕೆರೂರಿನ ಪ್ರತಿನಿಧಿ ಕುಳಿತಿದ್ದ ಪೀಠವೇ, 34 ವರ್ಷಗಳ ನಂತರ ಹಿರೇಕೆರೂರಿನ ಇನ್ನೊಬ್ಬ ಪ್ರತಿನಿಧಿಯನ್ನು ಅನರ್ಹಗೊಳಿಸಿತು.

ಕಾನೂನು ಇದ್ದರೂ ಹೀಗೇಕಾಯಿತು? 1985ರ ಕಾನೂನು ಮೂರನೇ ಒಂದರಷ್ಟು ಶಾಸಕರು ಒಡೆದುಹೋಗುವುದಕ್ಕೆ ಅವಕಾಶ ಕೊಟ್ಟಿತ್ತು. 2003ರ 91ನೇ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಅನರ್ಹರಾದವರು ಮತ್ತೆ ಗೆದ್ದು ಬರುವವರೆಗೆ ಸಚಿವರಾಗಬಾರದೆಂದೂ ಹೇಳಿತು. ಆಗ ರಾಜೀನಾಮೆಯ ಹೊಸ ದಾರಿಯೊಂದು ಹುಟ್ಟಿಕೊಂಡಿತು. ರಾಜೀನಾಮೆ ಕೊಟ್ಟು ಸದನದ ಬಲವನ್ನು ತಗ್ಗಿಸುವುದು, ಸರಕಾರ ಬದಲಾದ ಮೇಲೆ ಆಳುವ ಪಕ್ಷದ ಚಿಹ್ನೆಯ ಮೇಲೆ ಮತ್ತೆ ಸ್ಪರ್ಧಿಸುವುದು, ಗೆದ್ದರೆ ಸಚಿವರಾಗುವುದು. ಕಾನೂನು ಮನುಷ್ಯನ ಕೈಯನ್ನು ಕಟ್ಟಬಹುದು, ಮನಸ್ಸನ್ನು ಕಟ್ಟಲಾರದು. ಅಮಾನತಿನ ಪ್ರಜ್ಞೆ ಇಲ್ಲದಲ್ಲಿ ಪ್ರತಿಯೊಂದು ಬೇಲಿಗೂ ಒಂದು ಕಂಡಿ ಸಿಕ್ಕೇ ಸಿಗುತ್ತದೆ.

ಇದಕ್ಕೆ ಪಾಟೀಲರ ಬೆಂಬಲಿಗರಲ್ಲಿ ಒಂದು ಉತ್ತರವಿದೆ. ಅದನ್ನು ನ್ಯಾಯವಾಗಿ ಆಲಿಸಬೇಕು. ಅವರು ಕದ್ದು ಸಚಿವರಾಗಲಿಲ್ಲ, ಜನರ ಬಳಿಗೇ ಹೋದರು, 555ರ ಅಂತರವನ್ನು ಜನರೇ 29 ಸಾವಿರಕ್ಕೆ ಏರಿಸಿದರು, ಜನರು ಒಪ್ಪಿದ ಮೇಲೆ ದ್ರೋಹದ ಮಾತೆಲ್ಲಿ ಬಂತು ಎಂಬುದು ಆ ಉತ್ತರ. ಇದರಲ್ಲಿ ಸತ್ಯದ ಅಂಶವಿದೆ. ಮತದಾರರ ಮುಂದೆ ನಿಂತು ಹೊಸದಾಗಿ ತೀರ್ಪು ಕೇಳುವುದು ಕೇಳದಿರುವುದಕ್ಕಿಂತ ಖಂಡಿತವಾಗಿಯೂ ಮೇಲು. ಆದರೂ ಎರಡು ಸಂಗತಿಗಳನ್ನು ಮರೆಯುವಂತಿಲ್ಲ.

ಮೊದಲನೆಯದು, ಹೊಸ ಅಮಾನತು ದೊರೆತರೆ ಹಳೆಯ ಅಮಾನತಿನ ಲೆಕ್ಕ ತೀರುವುದಿಲ್ಲ. ಒಬ್ಬರ ಬಳಿ ಇಟ್ಟ ಹಣವನ್ನು ಅವರು ಬೇರೆ ಕಾರ್ಯಕ್ಕೆ ಬಳಸಿಕೊಂಡ ಮೇಲೆ ನೆರೆಹೊರೆಯವರು ಅವರಿಗೆ ಇನ್ನಷ್ಟು ಹಣ ಕೊಟ್ಟು ಗೌರವಿಸಿದರೆ, ಮೊದಲು ಇಟ್ಟವನ ಹಣ ಮರಳಿ ಬಂದಂತಾಗುವುದೇ? 2018ರಲ್ಲಿ ಬಿಜೆಪಿಯ ನೀತಿಗಳು ಬೇಡವೆಂದೇ ಕೈ ಗುರುತಿಗೆ ಮತ ಹಾಕಿದ ವ್ಯಕ್ತಿಯ ಮತ, ಅವನನ್ನು ಕೇಳದೆಯೇ, ಅದೇ ಪಕ್ಷವನ್ನು ಅಧಿಕಾರಕ್ಕೆ ತರುವ ಸಾಧನವಾಯಿತು. ಆ ಸರಕಾರದ ಅವಧಿಯಲ್ಲಿ ಗೋಹತ್ಯೆ ನಿಷೇಧದ ಹೊಸ ಕಾಯಿದೆ ಬಂತು. 2022ರ ಫೆಬ್ರವರಿ 5ರ ಸಮವಸ್ತ್ರದ ಆದೇಶ ನಮ್ಮ ಹೆಣ್ಣುಮಕ್ಕಳನ್ನು ಕಾಲೇಜಿನ ಬಾಗಿಲಲ್ಲಿ ನಿಲ್ಲಿಸಿತು. 2023ರ ಮಾರ್ಚಿನಲ್ಲಿ 2ಬಿ ಪ್ರವರ್ಗದಲ್ಲಿದ್ದ ಶೇಕಡಾ 4ರ ಮೀಸಲಾತಿಯನ್ನು ತೆಗೆಯುವ ನಿರ್ಧಾರವಾಯಿತು. ಇವೆಲ್ಲವನ್ನೂ ಒಬ್ಬ ಶಾಸಕರ ತಲೆಗೆ ಕಟ್ಟುವುದು ಅನ್ಯಾಯ. ಆದರೆ ಮತವನ್ನು ಒಪ್ಪಿಸಿದವನಿಗೆ ತನ್ನ ಮತ ಎಲ್ಲಿಗೆ ಹೋಯಿತೆಂದು ಕೇಳುವ ಹಕ್ಕಿದೆ.

ಎರಡನೆಯದು, ಉಪಚುನಾವಣೆಯ ಪ್ರಶ್ನೆಯೇ ಬೇರೆ ಬಗೆಯದು. ಸಾರ್ವತ್ರಿಕ ಚುನಾವಣೆಯಲ್ಲಿ ಯಾವ ಸರಕಾರ ಬೇಕೆಂದು ಮತದಾರನನ್ನು ಕೇಳುತ್ತಾರೆ. ಸರಕಾರ ಈಗಾಗಲೇ ಆಗಿಹೋದ ಮೇಲಿನ ಉಪಚುನಾವಣೆಯಲ್ಲಿ ನಿಮ್ಮ ತಾಲೂಕಿಗೆ ಒಬ್ಬ ಮಂತ್ರಿ ಬೇಕೋ ಬೇಡವೋ ಎಂದಷ್ಟೇ ಕೇಳಿದಂತಾಗುತ್ತದೆ. ರಸ್ತೆ, ಕೆರೆಗೆ ನೀರು, ಆಸ್ಪತ್ರೆ, ಬೆಳೆವಿಮೆ ಎಲ್ಲಕ್ಕೂ ಬೆಂಗಳೂರಿನತ್ತ ಮುಖಮಾಡಿ ಕುಳಿತಿರುವ ಹಿಂದುಳಿದ ತಾಲೂಕಿನ ರೈತ ಮಂತ್ರಿ ಬೇಡವೆಂದು ಹೇಗೆ ಹೇಳಿಯಾನು? ಅದು ಕೇವಲ ಒಪ್ಪಿಗೆಯಾಗಿರಲಿಲ್ಲ, ಅದರಲ್ಲಿ ಅನಿವಾರ್ಯತೆಯೂ ಬೆರೆತಿತ್ತು.

ಸಚಿವರಾಗಿ ಪಾಟೀಲರು ಏನನ್ನೂ ಮಾಡಲಿಲ್ಲವೆಂದರೆ ಸುಳ್ಳಾಗುತ್ತದೆ. ‘ರೈತರೊಂದಿಗೊಂದು ದಿನ’ ಎಂಬ ಕಾರ್ಯಕ್ರಮದಲ್ಲಿ ಅವರು ಜಿಲ್ಲೆಗಳಿಗೆ ಹೋಗಿ ಹೊಲಗದ್ದೆಗಳಲ್ಲಿ ರೈತರೊಡನೆ ಕಾಲ ಕಳೆದರು. ಅವರು ಕೃಷಿ ಸಚಿವರಾಗಿದ್ದಾಗಲೇ ರೈತರ ಮಕ್ಕಳ ಓದಿಗೆ ನೆರವಾಗುವ ರೈತ ವಿದ್ಯಾನಿಧಿ ಯೋಜನೆ ಆರಂಭವಾಯಿತು. ಒಳ್ಳೆಯದನ್ನು ಒಳ್ಳೆಯದೆನ್ನುವುದು ನ್ಯಾಯ. ಆದರೆ 2020ರ ಡಿಸೆಂಬರಿನಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವ ರೈತರು ಹೇಡಿಗಳೆಂಬರ್ಥದ ಮಾತು ಅವರ ಬಾಯಿಂದ ಬಂತು. ಮರುತಿಂಗಳೇ ರೈತರ ಆತ್ಮಹತ್ಯೆಗೆ ಮನೋದೌರ್ಬಲ್ಯ ಕಾರಣ, ಸರಕಾರದ ನೀತಿಯಲ್ಲ ಎಂದರು. 2008ರ ಜೂನ್ 10ರಂದು ರಸಗೊಬ್ಬರ ಕೇಳಲು ಬೀದಿಗಿಳಿದ ರೈತರ ಮೇಲೆ ಹಾವೇರಿಯಲ್ಲಿ ಗುಂಡು ಹಾರಿ ಇಬ್ಬರು ಪ್ರಾಣ ಕಳೆದುಕೊಂಡಿದ್ದರು. ಅಂತಹ ಜಿಲ್ಲೆಯ ಪ್ರತಿನಿಧಿಯಿಂದ ರೈತನು ಬಯಸುವುದು ಬೇರೆಯದೇ ಮಾತನ್ನು. ಆತ್ಮಹತ್ಯೆಯನ್ನು ಇಸ್ಲಾಮ್ ಕಟುವಾಗಿ ನಿಷೇಧಿಸುತ್ತದೆಂಬುದು ನಿಜ. ಆದರೆ ಹಸಿದವನನ್ನೂ ಸಾಲಗಾರನನ್ನೂ ಕೈಹಿಡಿದು ಎತ್ತುವ ಹೊಣೆಯನ್ನು ಅದು ಮೊದಲು ಸಮಾಜದ ಮೇಲೆ, ಆಳುವವರ ಮೇಲೆ ಇರಿಸಿದೆ. ಹೊಣೆ ಹೊತ್ತವನು ತೀರ್ಪುಗಾರನ ಪೀಠದಲ್ಲಿ ಕೂರಬಾರದು.

2021ರ ಮಾರ್ಚ್ 2ರ ಒಂದು ಘಟನೆ ಇದಕ್ಕಿಂತ ಚಿಕ್ಕದು. ಆದರೆ ಅದು ಹೇಳುವುದು ಬಹಳ. ಹಿರಿಯ ನಾಗರಿಕರಿಗೆ ಕೋವಿಡ್ ಲಸಿಕೆ ಆಗಷ್ಟೇ ಆರಂಭವಾಗಿತ್ತು. ಎಲ್ಲರೂ ಆಸ್ಪತ್ರೆಗೆ ಹೋಗಿಯೇ ಅದನ್ನು ಪಡೆಯಬೇಕಿತ್ತು. ಸಚಿವರೂ ಅವರ ಪತ್ನಿಯೂ ಹಿರೇಕೆರೂರಿನ ತಮ್ಮ ಮನೆಯಲ್ಲೇ ಲಸಿಕೆ ಹಾಕಿಸಿಕೊಂಡರು. ವಿವಾದವಾದ ಮೇಲೆ ಅಮಾನತಾದವರು ತಾಲೂಕಿನ ಆರೋಗ್ಯಾಧಿಕಾರಿ. ಲಸಿಕೆ ಹಾಕಿಸಿಕೊಂಡವರ ಸ್ಥಾನ ಹಾಗೆಯೇ ಉಳಿಯಿತು. ಅಮಾನತು ಎಂಬ ಪದದ ಎರಡು ಅರ್ಥಗಳು ಒಂದೇ ಮನೆಯ ಹೊಸ್ತಿಲಲ್ಲಿ ಎದುರುಬದುರಾಗಿ ನಿಂತಂತಾಯಿತು. ಮೇಲಿನವರು ಹೊತ್ತ ಅಮಾನತಿಗೆ ಚ್ಯುತಿ ಬಂದಾಗ ಕೆಳಗಿನವರು ಅಮಾನತಾಗುವುದು ನಮ್ಮ ಆಡಳಿತದ ಹಳೆಯ ರೂಢಿ.

ಪ್ರವಾದಿ ಮುಹಮ್ಮದ್(ಸ)ರ ಕಾಲದ ಒಂದು ಪ್ರಸಂಗ ಇಲ್ಲಿ ನೆನಪಾಗುತ್ತದೆ. ಝಕಾತ್ ಸಂಗ್ರಹಕ್ಕೆ ಕಳುಹಿಸಿದ್ದ ಒಬ್ಬ ಅಧಿಕಾರಿ ಮರಳಿ ಬಂದು, ತಂದದ್ದರಲ್ಲಿ ಒಂದು ಪಾಲು ಬೈತುಲ್‌ಮಾಲಿನದು, ಇನ್ನೊಂದು ತನಗೆ ಜನರು ಕೊಟ್ಟ ಕಾಣಿಕೆ ಎಂದನು. ಪ್ರವಾದಿ(ಸ)ಯವರು ಮಿಂಬರಿನ ಮೇಲೆ ನಿಂತು, ಆತ ತನ್ನ ತಂದೆತಾಯಿಯರ ಮನೆಯಲ್ಲಿ ಸುಮ್ಮನೆ ಕುಳಿತಿದ್ದರೆ ಆ ಕಾಣಿಕೆ ಅವನನ್ನು ಹುಡುಕಿಕೊಂಡು ಬರುತ್ತಿತ್ತೇ ಎಂಬರ್ಥದಲ್ಲಿ ಪ್ರಶ್ನಿಸಿದರು. ಹುದ್ದೆಯಲ್ಲಿರುವ ಪ್ರತಿಯೊಬ್ಬರೂ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು. ಈ ಸೌಲಭ್ಯ ಬಂದದ್ದು ನನಗೋ, ನಾನು ಕುಳಿತಿರುವ ಕುರ್ಚಿಗೋ? ಕುರ್ಚಿಗೆ ಬಂದದ್ದು ಕುರ್ಚಿಯ ಒಡೆಯರಾದ ಜನರದು.

ಅಧಿಕಾರವನ್ನು ಬಯಸಿ ಕೇಳಿದ ಅಬೂದರ್(ರ)ರಿಗೆ ಪ್ರವಾದಿ(ಸ)ಯವರು ಅದೊಂದು ಅಮಾನತೆಂದೂ, ಅದರ ಹಕ್ಕನ್ನು ಸರಿಯಾಗಿ ಪೂರೈಸಿದವರ ಹೊರತು ಇತರರಿಗೆ ಅದು ಅಂತ್ಯದಿನದಂದು ಅಪಮಾನಕ್ಕೂ ಪಶ್ಚಾತ್ತಾಪಕ್ಕೂ ಕಾರಣವಾಗುವುದೆಂದೂ ತಿಳಿಹೇಳಿದರು. ಅಬೂದರ್(ರ)ರ ಪ್ರಾಮಾಣಿಕತೆಯಲ್ಲಿ ಯಾರಿಗೂ ಸಂಶಯವಿರಲಿಲ್ಲ. ಆದರೂ ಆ ಭಾರ ಹೊರುವ ಬಲ ಬೇರೆಯೇ ಆದದ್ದು ಎಂಬುದನ್ನು ಪ್ರವಾದಿ(ಸ)ಯವರು ಮರೆಮಾಚಲಿಲ್ಲ. ಸಚಿವ ಸ್ಥಾನ ಸಿಗಲಿಲ್ಲವೆಂಬುದು ಅನ್ಯಾಯವೆಂದು ಭಾವಿಸಿ ಪಕ್ಷ ಬಿಡುವ ಇಂದಿನ ರೂಢಿಗೂ ಈ ಬೋಧನೆಗೂ ಎಷ್ಟು ಅಂತರ!

ಇನ್ನು ನಮ್ಮ ಕಡೆಗೆ ತಿರುಗೋಣ. 2023ರ ಚುನಾವಣೆಯಲ್ಲಿ ಹಿರೇಕೆರೂರಿನಲ್ಲಿ ಮತ್ತೆ ಅದೇ ಇಬ್ಬರು ಎದುರಾದರು. ಆದರೆ ಚಿಹ್ನೆಗಳು ಅದಲುಬದಲಾಗಿದ್ದವು. 2018ರಲ್ಲಿ ಕೈ ಹಿಡಿದಿದ್ದ ಪಾಟೀಲರ ಕೈಯಲ್ಲಿ ಕಮಲವಿತ್ತು, ಕಮಲ ಹಿಡಿದಿದ್ದ ಬಣಕಾರರು ಬಿಜೆಪಿ ತೊರೆದು ಕಾಂಗ್ರೆಸ್ ಸೇರಿದ್ದರು. ಬಣಕಾರರು ಸುಮಾರು 15 ಸಾವಿರ ಮತಗಳಿಂದ ಗೆದ್ದರು, ಪಾಟೀಲರು ಮಾಜಿ ಶಾಸಕರಾದರು. ಬಣಕಾರರು ಶಾಸಕ ಸ್ಥಾನದಲ್ಲಿದ್ದುಕೊಂಡು ಪಕ್ಷ ಬಿಡಲಿಲ್ಲ, ಹೀಗಾಗಿ ಮತದಾರರು ಕೊಟ್ಟ ಸ್ಥಾನವನ್ನು ಹೊತ್ತೊಯ್ದ ಆರೋಪ ಅವರ ಮೇಲೆ ಬರುವುದಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಆದರೂ ನಮ್ಮ ಸಮುದಾಯದ ಚಹಾ ಅಂಗಡಿಗಳಲ್ಲಿ ಒಬ್ಬರ ಪಕ್ಷಾಂತರ ದ್ರೋಹವೆಂದೂ ಇನ್ನೊಬ್ಬರದು ಮನಪರಿವರ್ತನೆಯೆಂದೂ ಮಾತು ಕೇಳಿಬಂದರೆ, ಅಲ್ಲಿ ಕೆಲಸ ಮಾಡುತ್ತಿರುವುದು ನ್ಯಾಯಪ್ರಜ್ಞೆಯೋ ಪಕ್ಷಪ್ರೇಮವೋ ಎಂದು ಕೇಳಿಕೊಳ್ಳಬೇಕು. ಯಾರ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬುದು ಪವಿತ್ರ ಕುರ್‌ಆನಿನ ಬೋಧನೆ. ಸ್ವಂತದವರ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿ ನಿಲ್ಲಬೇಕೆಂಬುದೂ ಅದರದೇ ಆದೇಶ.

ಅದೇ ಅಳತೆಗೋಲನ್ನು ನಮ್ಮ ಸಮುದಾಯದ ನಾಯಕರಿಗೂ ಹಿಡಿಯಬೇಕು. ನೆರೆಯ ಶಿಗ್ಗಾವಿಯ ಸೈಯದ್ ಅಜ್ಜಂಪೀರ್ ಖಾದ್ರಿಯವರು 1999ರಲ್ಲಿ ಶಾಸಕರಾದವರು. 2008, 2013, 2018ರಲ್ಲಿ ಬಸವರಾಜ ಬೊಮ್ಮಾಯಿಯವರೆದುರು ಸತತವಾಗಿ ಸೋತರೂ ಕ್ಷೇತ್ರವನ್ನು ಬಿಡಲಿಲ್ಲ. ಆ ಸಹನೆಯನ್ನು ಮೆಚ್ಚಲೇಬೇಕು. 2024ರ ಉಪಚುನಾವಣೆಯಲ್ಲಿ ಕಾಂಗ್ರೆಸ್ ಟಿಕೆಟ್ ಯಾಸಿರ್ ಅಹ್ಮದ್ ಖಾನ್ ಪಠಾಣರಿಗೆ ದೊರೆತಾಗ ಖಾದ್ರಿಯವರು ಬಂಡಾಯವೆದ್ದು ನಾಮಪತ್ರ ಸಲ್ಲಿಸಿದರು, ಪಕ್ಷದ ನಾಯಕರ ಮನವೊಲಿಕೆಯ ನಂತರ ಹಿಂಪಡೆದರು. ಪಠಾಣರು ಗೆದ್ದರು. ಖಾದ್ರಿಯವರಿಗೆ ಹೆಸ್ಕಾಂ ಅಧ್ಯಕ್ಷ ಸ್ಥಾನ ದೊರೆಯಿತು. ಮತ ಒಡೆಯದಂತೆ ಹಿಂದೆ ಸರಿದದ್ದು ಸಮುದಾಯದ ಹಿತಕ್ಕೆ ಒಳ್ಳೆಯದಾಯಿತೆಂದು ಹಲವರು ಹೇಳುತ್ತಾರೆ, ಇರಲಿ. ಆದರೆ ಹುದ್ದೆಗಳ ಮಾತುಕತೆಯಲ್ಲಿ ಇತರರಲ್ಲಿ ನಾವು ಕಾಣುವ ದೋಷ ನಮ್ಮವರಲ್ಲಿ ಜಾಣ್ಮೆಯಾಗಿ ಕಾಣಬಾರದು. ಹೆಸ್ಕಾಂ ಹುದ್ದೆಯೂ ಒಂದು ಅಮಾನತೇ. ಅದರ ಲೆಕ್ಕವನ್ನು ಹೊಲದ ಪಂಪ್‌ಸೆಟ್ಟಿಗೆ ವಿದ್ಯುತ್ತಿಗಾಗಿ ಕಾಯುವ ರೈತನಿಗೆ, ಅವನು ಯಾವ ಮತದವನೇ ಆಗಿರಲಿ, ಕೊಡಬೇಕಾಗುತ್ತದೆ.

ಇದಕ್ಕಿಂತಲೂ ಕಹಿಯಾದ ಇನ್ನೊಂದು ಮಾತಿದೆ. ಅಮಾನತನ್ನು ಪಡೆದವರು ಮಾತ್ರ ಅದಕ್ಕೆ ದ್ರೋಹ ಬಗೆಯುತ್ತಾರೆಂದು ತಿಳಿಯಬಾರದು, ಒಪ್ಪಿಸುವವರೂ ಬಗೆಯಬಹುದು. ಚುನಾವಣೆ ಬಂದಾಗ ಮೊಹಲ್ಲಾದ ಇಷ್ಟು ಮತಗಳು ನಮ್ಮ ಕೈಯಲ್ಲಿವೆ ಎಂದು ಅಭ್ಯರ್ಥಿಗಳ ಮನೆಗೆ ಹೋಗುವವರು ಪ್ರತಿ ಊರಿನಲ್ಲೂ ಇದ್ದಾರೆ. ಖಬರಸ್ತಾನದ ಕಾಂಪೌಂಡು, ಶಾದಿಮಹಲಿನ ಅನುದಾನ, ಕೆಲವೊಮ್ಮೆ ಅದಕ್ಕಿಂತ ಕೀಳಾದ ಯಾವುದೋ ಲಾಭ ಅಲ್ಲಿ ಚೌಕಾಸಿಯ ವಸ್ತುವಾಗುತ್ತದೆ. ಇನ್ನೊಬ್ಬರ ಮತವನ್ನು ಒಪ್ಪಿಸುವ ಅಧಿಕಾರ ಇವರಿಗೆ ಕೊಟ್ಟವರು ಯಾರು? ವಿಧವೆಯೊಬ್ಬಳ ಮತದ ಒಡತಿ ಆಕೆಯೇ. ಖಬರಸ್ತಾನಕ್ಕೆ ಗೋಡೆ ಬೇಕು ನಿಜ. ಅದು ಪ್ರಜೆಗಳ ಹಕ್ಕು, ಮತದ ಬೆಲೆಯಲ್ಲ. ಹಣ ಪಡೆದು ಮತ ಹಾಕಿದವನಿಗೆ ಮರುದಿನ ಶಾಸಕನನ್ನು ಪ್ರಶ್ನಿಸುವ ನೈತಿಕ ಬಲವಿರುವುದಿಲ್ಲ. ಮಾರಿದ ವಸ್ತುವಿನ ಮೇಲೆ ಮಾರಿದವನಿಗೆ ಯಾವ ಹಕ್ಕು? ಕೊಂಡವನು ಅದನ್ನು ಎಲ್ಲಿಗಾದರೂ ಒಯ್ಯುತ್ತಾನೆ.

ಹಾಗಾದರೆ ಮಾಡಬೇಕಾದುದೇನು? ಮನೆಯ ಪ್ರತಿಯೊಬ್ಬ ಅರ್ಹರ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ಚುನಾವಣೆಗೆ ಬಹಳ ಮೊದಲೇ ನೋಡಿಕೊಳ್ಳಬೇಕು, ಹೆಣ್ಣುಮಕ್ಕಳ ಹೆಸರನ್ನು ಮರೆಯದೆ. ಮತ ಕೇಳಲು ಬಂದ ಅಭ್ಯರ್ಥಿಯನ್ನು, ಅವನು ಯಾವ ಪಕ್ಷದವನೇ ಆಗಿರಲಿ, ಎಲ್ಲರೆದುರಿಗೇ ಒಂದು ಪ್ರಶ್ನೆ ಕೇಳಬೇಕು: ಪಕ್ಷ ಬಿಡಬೇಕಾಗಿ ಬಂದರೆ ಮೊದಲು ನಮ್ಮನ್ನು ಕೇಳುವಿರಾ? ಉತ್ತರವನ್ನು ಬರೆದಿಡಬೇಕು. ಗೆದ್ದ ಮೇಲೆ ಗ್ರಾಮಸಭೆ, ವಾರ್ಡು ಸಭೆಗಳಿಗೆ ಹೋಗಿ ಲೆಕ್ಕ ಕೇಳಬೇಕು. ಹೂಮಾಲೆ ಹಾಕಲು ಮಾತ್ರ ಶಾಸಕರ ಬಳಿಗೆ ಹೋಗುವವರಿಗೆ ಹೂಮಾಲೆಗಿಂತ ಹೆಚ್ಚಿನದೇನೂ ಮರಳಿ ಸಿಗದು. ಗೋವಿನಜೋಳದ ಬೆಲೆ, ಸರಕಾರಿ ಶಾಲೆಯ ಶಿಕ್ಷಕರ ಕೊರತೆ, ತಾಲೂಕು ಆಸ್ಪತ್ರೆಯ ಔಷಧಿ ಇವು ನೆರೆಮನೆಯ ಹಿಂದೂ ಸಹೋದರನ ಸಮಸ್ಯೆಗಳೂ ಹೌದು. ಅವನ ಜೊತೆಗೂಡಿ ಕೇಳಿದ ಪ್ರಶ್ನೆಗೆ ಬಲ ಹೆಚ್ಚು. ಮಸೀದಿಯ ಮಿಂಬರಿನಿಂದ ಅಭ್ಯರ್ಥಿಯ ಹೆಸರು ಕೇಳಿಬರುವುದು ಬೇಡ. ಅಮಾನತೆಂದರೇನೆಂಬ ವಿವರಣೆ ಕೇಳಿಬರಲಿ.

ಪಾಟೀಲರು ಹಿರೇಕೆರೂರಿನಲ್ಲಿ ಗೆದ್ದದ್ದೂ ಮತದಿಂದ, ಸೋತದ್ದೂ ಮತದಿಂದ. ಕಾನೂನು ಪುಸ್ತಕಗಳಿಗೆ, ಪಕ್ಷದ ವರಿಷ್ಠರಿಗೆ, ಕೊನೆಗೆ ನ್ಯಾಯಾಲಯಕ್ಕೂ ಪೂರ್ತಿಯಾಗಿ ಸಾಧ್ಯವಾಗದ ಕೆಲಸವನ್ನು ಸಾಮಾನ್ಯ ಮತದಾರರು ಒಂದು ದಿನ ಸರದಿಯಲ್ಲಿ ನಿಂತು ಮಾಡಬಲ್ಲರು. ಆದರೆ ಅಧಿಕಾರ ಹೊತ್ತವರನ್ನು ಮಾತ್ರ ವಿಚಾರಣೆಗೆ ಒಳಪಡಿಸಿ, ಅವರಿಗೆ ಅದನ್ನು ಹೊರಿಸಿದವರನ್ನು ಬಿಟ್ಟುಬಿಡುವ ನ್ಯಾಯಾಲಯ ಪರಲೋಕದಲ್ಲಿಲ್ಲ. ಅಮಾನತುಗಳನ್ನು ಅವುಗಳಿಗೆ ಅರ್ಹರಾದವರಿಗೇ ಒಪ್ಪಿಸಬೇಕೆಂಬ ಕುರ್‌ಆನಿನ ಆದೇಶ ಮೊದಲು ಒಪ್ಪಿಸುವವರ ಮೇಲೆಯೇ ಇದೆ. ಮುಂದಿನ ಚುನಾವಣೆಗೆ ಇನ್ನೂ ಕಾಲವಿದೆಯೆಂದು ಸುಮ್ಮನಿರದೆ, ಯಾರು ಅರ್ಹರೆಂಬುದನ್ನು ಇಂದಿನಿಂದಲೇ ಗಮನಿಸುತ್ತ ಬರೋಣ. ಅಲ್ಲಾಹನು ನಮಗೆ ಒಪ್ಪಿಸುವ ವಿವೇಕವನ್ನೂ, ಹೊತ್ತವರಿಗೆ ಕಾಪಾಡುವ ಶಕ್ತಿಯನ್ನೂ ಅನುಗ್ರಹಿಸಲಿ. ಆಮೀನ್.